‘ಮನೆ ಇದೆ’ ಎಂದ ತಪ್ಪಿಗೆ

ಆ ಮನೆಯಲ್ಲಿ ಒಂದು ಮಾತನ್ನು ಆಡುವಂತಿರಲಿಲ್ಲ. ಬಾಯಿ ತಪ್ಪಿ ಆಡಿದವರು ಮೆಟ್ಟಿಲು ತೊಳೆಯಬೇಕು. ಕೆಳಗಿನ ಬಾಗಿಲಿನಿಂದ ಮೇಲಿನ ಮಹಡಿಯವರೆಗೆ ಸೋಪು ನೀರು ಹಾಕಿ, ಬ್ರಷ್ ಹಿಡಿದು, ಮೂಲೆ ಮೂಲೆ ಉಜ್ಜಬೇಕು. ಆ ಮಾತು ‘ಮನೆಯಿಲ್ಲದವರು’.

ಈ ಕಾನೂನು ಮಾಡಿದವರು ಆ ಮನೆಯ ಉಸ್ತುವಾರಿ ನೋಡಿಕೊಳ್ಳುವ ದೊಡ್ಡಮ್ಮ. ಅಲ್ಲಿರುವ ಯಾರಿಗೂ ಅವರು ನೆಂಟರಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮ. ಹಿಂದೆ ಗೋದಾಮಾಗಿದ್ದ ಕಟ್ಟಡ ಅದು, ಈಗ ನಗರಸಭೆಯ ಮೂಲಕ ಬರುವ ಸರ್ಕಾರದ ಅನುದಾನದಲ್ಲಿ ನಡೆಯುವ ಆಶ್ರಯ ಕೇಂದ್ರ. ಕೆಳಗೆ ಒಂಟಿ ಜನಕ್ಕೆ ಮಂಚಗಳ ಸಾಲು, ಮೇಲೆ ಸಂಸಾರಸ್ಥರಿಗೆ ಪುಟ್ಟ ಪುಟ್ಟ ಕೋಣೆಗಳು. ಬಾಗಿಲ ಮೇಲೆ ‘ವಸತಿರಹಿತರ ಆಶ್ರಯ ಕೇಂದ್ರ’ ಎಂಬ ಬೋರ್ಡು ಇತ್ತು. ದೊಡ್ಡಮ್ಮ ಅದರ ಮೇಲೆ ಬಳ್ಳಿ ಹಬ್ಬಿಸಿ ಅಕ್ಷರವೇ ಕಾಣದಂತೆ ಮಾಡಿಬಿಟ್ಟಿದ್ದರು. ಹೊಸಬರು ಯಾರೇ ಬರಲಿ, ಅವರು ಹೇಳುವ ಮೊದಲ ಮಾತು ಒಂದೇ: “ಇದು ನಿಮ್ಮನೆ. ಚಪ್ಪಲಿ ಸಾಲಾಗಿ ಬಿಡಿ.”

ನಮ್ಮ ಪೇಂಟರ್ ಬಂದ ದಿನವೇ ಸಿಕ್ಕಿಬಿದ್ದಿದ್ದ. ಮನೆಯಿಲ್ಲದವರಿಗೆ ಇಲ್ಲಿ ಜಾಗ ಕೊಡ್ತಾರಂತಲ್ಲ ಎಂದು ಬಾಗಿಲಲ್ಲೇ ಕೇಳಿಬಿಟ್ಟ. ಅವನ ಕಾಲಿಗೆ ಆಗ ಸಿಮೆಂಟ್ ಕಟ್ಟು ಹಾಕಿತ್ತು. ಹಾಗಾಗಿ ಮೆಟ್ಟಿಲು ಹೆಂಡತಿಯ ಪಾಲಿಗೆ ಬಂತು. ನಿಮ್ಮ ಬಾಯಿ, ನನ್ನ ಸೊಂಟ, ಈ ಲೆಕ್ಕ ಬಾಕಿ ಇದೆ ಎಂದು ಅವಳು ಇವತ್ತಿಗೂ ಚುಚ್ಚುತ್ತಾಳೆ.

ಊರಿನ ಅರ್ಧ ಮನೆಗಳಿಗೆ ಬಣ್ಣ ಹಚ್ಚಿದವನು ಅವನು. ಒಂದು ದಿನ ಏಣಿ ಜಾರಿತು. ಕಾಲು ಮುರಿಯಿತು, ಕೆಲಸ ಹೋಯಿತು, ಬಾಡಿಗೆ ನಿಂತಿತು. ಒಂದು ಸಂಜೆ ಬಂದು ನೋಡಿದರೆ ಬಾಗಿಲಿಗೆ ಮಾಲೀಕರ ಹೊಸ ಬೀಗ. ಅಲ್ಲಿಂದ ಗಂಡ, ಹೆಂಡತಿ, ಮಗಳು ಮೇಲ್ಸೇತುವೆಯ ಕೆಳಗೆ ಮಲಗಿದರು. ಮಗಳನ್ನು ಅವನು ಪುಟ್ಟಿ ಎಂದು ಕರೆಯುತ್ತಾನೆ. ಗೋಡೆಯ ಬಿರುಕಿಗೆ ತುಂಬುವುದೂ ಪುಟ್ಟಿ, ಮಗಳೂ ಪುಟ್ಟಿ, ಎರಡೂ ಇಲ್ಲದೆ ನನ್ನ ಜೀವನ ನಡೆಯಲ್ಲ ಅನ್ನುವುದು ಅವನ ಹಳೆಯ ತಮಾಷೆ. ಸೇತುವೆಯ ಕೆಳಗೆ ಇದ್ದಷ್ಟು ದಿನ ಆ ತಮಾಷೆ ಅವನ ಬಾಯಿಂದ ಬರಲಿಲ್ಲ.

ಕೇಂದ್ರಕ್ಕೆ ಬಂದ ಮೇಲೆ ಒಂದೊಂದೇ ಸರಿಹೋಯಿತು. ವಾರಕ್ಕೊಮ್ಮೆ ಬರುವ ನರ್ಸ್ ಅವನ ಕಾಲಿಗೆ ವ್ಯಾಯಾಮ ಹೇಳಿಕೊಟ್ಟು ಊರಿ ನಡೆಯುವ ಹಾಗೆ ಮಾಡಿದರು. ಕೇಂದ್ರದವರೇ ಹೆಂಡತಿಗೆ ಲಾಂಡ್ರಿಯಲ್ಲಿ ಕೆಲಸ ನೋಡಿದರು, ಪುಟ್ಟಿಯನ್ನು ಶಾಲೆಗೆ ಸೇರಿಸಿದರು. ಪೇಂಟರ್ ಒಬ್ಬ ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕೆ ಹೋಗತೊಡಗಿದ. ಬಾಡಿಗೆಗೆ ಒಂದು ಕೋಣೆ ಹಿಡಿಯಬೇಕು ಎಂಬ ಮಾತು ಗಂಡ ಹೆಂಡಿರ ನಡುವೆ ಮೆಲ್ಲಗೆ ಶುರುವಾಗಿತ್ತು.

ಅಷ್ಟರಲ್ಲಿ ಎಣಿಕೆಯವಳು ಬಂದಳು.

ಊರಲ್ಲಿ ಮನೆಯಿಲ್ಲದವರು ಎಷ್ಟಿದ್ದಾರೆ ಎಂದು ಎಣಿಸಲು ನಗರಸಭೆಯ ಕಚೇರಿಯಿಂದ ಬಂದ ಆ ಹುಡುಗಿ ಒಳ್ಳೆಯವಳೇ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಿಮಗೆ ಮನೆ ಇದೆಯಾ ಎಂದು ಕೇಳಿದಳು. ಜನ ಒಮ್ಮೆ ದೊಡ್ಡಮ್ಮನ ಮುಖ ನೋಡಿದರು, ಒಮ್ಮೆ ಮೆಟ್ಟಿಲ ಕಡೆ ನೋಡಿದರು. ಇದೆ ಅಂದರು. ಸದಾ ಕಿವಿಗೆ ರೇಡಿಯೋ ಹಿಡಿದಿರುವ ರೇಡಿಯೋ ತಾತನಂತೂ, ಇಲ್ಲದೆ ಏನಮ್ಮ, ನಾವೇನು ಬೀದೀಲಿದ್ದೀವಾ ಎಂದು ಗದರಿದ. ಪೇಂಟರ್ ಕೂಡ ಎದೆಯುಬ್ಬಿಸಿ ಇದೆ ಅಂದ. ದೊಡ್ಡಮ್ಮನಿಗೆ ಖುಷಿಯೋ ಖುಷಿ. ಆ ಹುಡುಗಿ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡು ಹೋದಳು.

ಕೆಲವು ವಾರಗಳ ನಂತರ ನಗರಸಭೆಯಿಂದ ಸುದ್ದಿ ಬಂತು. ಈ ಕೇಂದ್ರದಲ್ಲಿ ಮನೆಯಿಲ್ಲದವರು ಒಬ್ಬರೂ ಇಲ್ಲವೆಂದು ಎಣಿಕೆಯಲ್ಲಿ ಕಂಡುಬಂದಿದೆ. ಅನುದಾನದ ಅವಧಿ ಮುಗಿಯುತ್ತಾ ಬಂದಿದೆ. ನವೀಕರಿಸುವ ಅಗತ್ಯ ಕಾಣುವುದಿಲ್ಲ. ಆಕ್ಷೇಪಣೆ ಇದ್ದವರು ಬರುವ ವಾರದ ಅಹವಾಲು ಸಭೆಗೆ ಬಂದು ಹೇಳಬಹುದು.

ದೊಡ್ಡಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನೇ ಕಲಿಸಿದ್ದು, ನನ್ನ ಬಾಯಿಗೆ ಬೆಂಕಿ ಹಾಕ ಎಂದು ತಮ್ಮನ್ನೇ ಬೈದುಕೊಂಡರು. ಚಳಿಗಾಲ ಹತ್ತಿರವಿತ್ತು. ಅವತ್ತಿನಿಂದ ರೇಡಿಯೋ ತಾತ ಹಾಡು ಬಿಟ್ಟು ಹವಾಮಾನ ವರದಿ ಕೇಳತೊಡಗಿದ. ಕೆಳಗಿನ ಮಂಚಗಳಲ್ಲಿ ಮಾತು ಕಡಿಮೆಯಾಯಿತು, ಕೆಮ್ಮು ಮಾತ್ರ ಕೇಳಿಸುತ್ತಿತ್ತು.

ನರ್ಸ್ ಬಂದಾಗ ಎಲ್ಲರೂ ಅವರನ್ನು ಸುತ್ತಿಕೊಂಡರು. ಸರ್ಕಾರ ಒಮ್ಮೆ ಕೊಟ್ಟಿದ್ದನ್ನು ಹೀಗೆ ಕಿತ್ತುಕೊಳ್ಳುವುದು ಸರಿಯಾ ಎಂದು ಪೇಂಟರ್ ಸಿಟ್ಟಿನಿಂದ ಕೇಳಿದ. ನರ್ಸ್ ಅವನ ಕಾಲನ್ನು ಒತ್ತಿ ನೋಡುತ್ತಲೇ ಉತ್ತರ ಕೊಟ್ಟರು.

“ಅಣ್ಣ, ಅನುದಾನ ಅಂದ್ರೆ ಒಂದ್ಸಲ ಕೊಟ್ಟು ಮರೆತುಬಿಡೋದಲ್ಲ. ಅವಧಿ ಮುಗಿದಾಗ ಇನ್ನೂ ಬೇಕಾ ಅಂತ ಮತ್ತೆ ಕೇಳ್ತಾರೆ. ಬೇಕಾದವರು ಬಾಯಿ ಬಿಡದಿದ್ರೆ ಬೇಡ ಅಂತಲೇ ತಿಳ್ಕೊಳ್ತಾರೆ.”

“ಹಂಗಾದ್ರೆ ನೀವು ಹೋಗಿ ಹೇಳಿ ಸಿಸ್ಟರ್. ದೊಡ್ಡಮ್ಮ ಹೇಳ್ಲಿ.”

“ನಾವೂ ಹೇಳ್ತೀವಿ. ಆದ್ರೆ ನಾವು ಸಂಬಳ ತಗೊಳ್ಳೋರು. ಕೆಲಸ ಉಳಿಸ್ಕೊಳ್ಳೋಕೆ ಬಂದವ್ರೆ ಅಂತಾರೆ. ಇಲ್ಲಿ ಮಲಗೋರು ಹೇಳ್ಬೇಕು.”

ಹೋಗುವುದು ಬರೀ ಮಂಚವಲ್ಲ ಎಂದೂ ಅವರು ಬಿಡಿಸಿ ಹೇಳಿದರು. ತಾತನ ಬಿ.ಪಿ. ಮಾತ್ರೆ, ಗುರುತಿನ ಚೀಟಿ ಮಾಡಿಸಿಕೊಡುವುದು, ಕೆಲಸ ಹುಡುಕಿಕೊಡುವುದು, ಬಾಡಿಗೆ ಕೋಣೆ ಹಿಡಿಯುವಾಗ ಮುಂಗಡಕ್ಕೆ ಕೈಹಿಡಿಯುವುದು, ಎಲ್ಲವೂ ಆ ಅನುದಾನದ ಒಳಗೇ ಇದೆ. ಅದು ನಿಂತರೆ ಇಷ್ಟು ದಿನ ಕಷ್ಟಪಟ್ಟು ಮೇಲೆ ಹತ್ತಿದವರು ಮತ್ತೆ ಕೆಳಗಿಳಿಯಬೇಕು. ಬೀದಿಯಲ್ಲಿ ಮಲಗಿ ಕಾಯಿಲೆ ಬಿದ್ದವರು ಕೊನೆಗೆ ಸರ್ಕಾರಿ ಆಸ್ಪತ್ರೆಗೇ ಬರುತ್ತಾರೆ, ಅದಕ್ಕೂ ಖರ್ಚಾಗುವುದು ಊರಿನ ದುಡ್ಡೇ.

ಎಲ್ಲರೂ ತಲೆಯಾಡಿಸಿದರು, ಪೇಂಟರ್ ಮಾತ್ರ ಎದ್ದು ಮೇಲೆ ಹೋದ. ಹೆಂಡತಿ ಹಿಂದೆಯೇ ಹೋದಳು. ಏನಾಯ್ತು ಎಂದು ಕೇಳಿದಳು. ಅವನು ಹೊಟ್ಟೆಯೊಳಗಿದ್ದುದನ್ನು ಹೇಳಿಕೊಂಡ. ಕೆಲಸಕ್ಕೆ ಸೇರುವಾಗ ಮೇಸ್ತ್ರಿಗೆ ಅವನು ಸುಳ್ಳು ವಿಳಾಸ ಕೊಟ್ಟಿದ್ದ. ರೈಲ್ವೆ ಗೇಟಿನ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಇದ್ದೇನೆ ಎಂದಿದ್ದ. ಈಗ ಅದೇ ಮೇಸ್ತ್ರಿ ನಗರಸಭೆಯ ಸಭಾಂಗಣಕ್ಕೆ ಬಣ್ಣ ಹಚ್ಚಿಸುತ್ತಿದ್ದಾನೆ. ಒಳಗೆ ಮುಗಿದು ಹೊರಗಿನ ಕಾರಿಡಾರ್ ಬಾಕಿ ಇದೆ. ಸಭೆಯ ದಿನ ಅವನು ಬಾಗಿಲಲ್ಲೇ ಇರುತ್ತಾನೆ.

“ನಮ್ಮ ಕೆಲಸ ನಡೆಯೋದೇ ನಂಬಿಕೆ ಮೇಲೆ ಕಣೇ. ಖಾಲಿ ಮನೆ ಬೀಗದಕೈ ಕೈಗೆ ಕೊಟ್ಟು ಹೋಗ್ತಾರೆ. ಮನೆ ಇಲ್ಲದವನ ಕೈಗೆ ಯಾರು ಮನೆ ಬೀಗದಕೈ ಕೊಡ್ತಾರೆ?”

ಅವನ ಭಯ ಸುಳ್ಳಲ್ಲ ಎಂದು ಹೆಂಡತಿಗೂ ಗೊತ್ತಿತ್ತು. ಹೇಳಿದರೆ ಕೆಲಸ ಹೋದೀತು, ಹೇಳದಿದ್ದರೆ ಸೂರು ಹೋದೀತು. ಆ ವಾರವಿಡೀ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಸಭೆಯ ದಿನ ಬೆಳಿಗ್ಗೆ ಪುಟ್ಟಿ ಶಾಲೆಗೆ ಹೊರಡುತ್ತಿದ್ದಳು. ಚೀಲ ಯಾಕೋ ಚರಚರ ಸದ್ದು ಮಾಡುತ್ತಿದೆ ಎಂದು ಪೇಂಟರ್ ಬಗ್ಗಿ ನೋಡಿದ. ಒಳಗೆ ಒಂದೊಂದು ಪುಸ್ತಕವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿಗೆ ಗಂಟು ಹಾಕಿತ್ತು. ಇದೇನಮ್ಮ ಎಂದ.

“ಸೇತುವೆ ಕೆಳಗೆ ಆವಾಗ ಎಲ್ಲಾ ನೆಂದುಹೋಗಿತ್ತಲ್ಲಪ್ಪ. ಈ ಸಲ ನೆನೆಯಲ್ಲ.”

ಅವಳು ಅತ್ತುಕೊಂಡು ಹೇಳಲಿಲ್ಲ. ಛತ್ರಿ ತಗೊಂಡೆ ಅನ್ನುವಷ್ಟು ಸಲೀಸಾಗಿ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಪೇಂಟರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂದು ದೊಡ್ಡವರು ನಂಬಿಕೊಂಡಿರುತ್ತೇವಲ್ಲ, ಅಂಥ ಮೂರ್ಖತನ ಬೇರೆ ಇಲ್ಲ.

ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಇತ್ತು. ಕೇಂದ್ರದವರೆಲ್ಲ ಹಿಂದಿನ ಸಾಲಿನಲ್ಲಿ ಕುಳಿತರು. ಮೇಸ್ತ್ರಿ ಕಾರಿಡಾರಿನ ಬಾಗಿಲಿಗೆ ಒರಗಿ ನಿಂತಿದ್ದ. ನರ್ಸ್ ತಮ್ಮ ಮಾತು ಮುಗಿಸಿದ ಮೇಲೆ ದೊಡ್ಡಮ್ಮನನ್ನು ಕರೆದರು. ದೊಡ್ಡಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಇವರೆಲ್ಲ ಅಂದರು. ಇವರಿಗೆಲ್ಲ ಅಂದರು. ಮುಂದಿನ ಮಾತು ಹೊರಡಲೇ ಇಲ್ಲ. ವರ್ಷಗಟ್ಟಲೆ ಯಾರ ಬಾಯಿಂದಲೂ ಬರದಂತೆ ಕಾದ ಮಾತು, ಈಗ ಬೇಕೆಂದಾಗ ಅವರ ಬಾಯಿಗೂ ಬರಲಿಲ್ಲ. ನಗರಸಭೆಯ ಅಧ್ಯಕ್ಷರು ಗಡಿಯಾರ ನೋಡಿದರು. ಮುಂದಿನ ವಿಷಯ ತೆಗೆದುಕೊಳ್ಳೋಣವೇ ಎಂದು ಪಕ್ಕದವರನ್ನು ಕೇಳಿದರು.

ಪೇಂಟರ್ ಎದ್ದ. ಗೋಡೆ ಹಿಡಿದು ನಿಂತ. ತಾನೇ ಬಣ್ಣ ಹಚ್ಚಿದ ಗೋಡೆ.

“ದೊಡ್ಡಮ್ಮಂಗೆ ಆ ಮಾತು ಬರಲ್ಲ ಸ್ವಾಮಿ, ನಾನು ಹೇಳ್ತೀನಿ. ನಾವು ಮನೆಯಿಲ್ಲದವರು.”

ಬಾಗಿಲ ಕಡೆ ಅವನು ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಹಾಗಾದರೆ ಎಣಿಕೆಯಲ್ಲಿ ಮನೆ ಇದೆ ಎಂದು ಯಾಕೆ ಹೇಳಿದಿರಿ ಎಂದು ಅಧ್ಯಕ್ಷರು ಸ್ವಲ್ಪ ಬಿಗಿಯಾಗಿಯೇ ಕೇಳಿದರು.

“ಇತ್ತು, ಅದಕ್ಕೇ ಇದೆ ಅಂದ್ವಿ. ಈ ಊರು ಕೊಟ್ಟಿದೆ, ಹಂಗಾಗಿ ಇದೆ. ಊರು ಕೈ ಬಿಟ್ರೆ ಇರಲ್ಲ. ಮನೆ ಇದೆಯಾ ಅಂತ ಕೇಳಬೇಡಿ ಸ್ವಾಮಿ. ಇದನ್ನ ಮುಚ್ಚಿದ್ರೆ ರಾತ್ರಿ ಎಲ್ಲಿ ಮಲಗ್ತೀರಿ ಅಂತ ಕೇಳಿ. ನನ್ನ ಮಗಳು ಪುಸ್ತಕಗಳನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿಟ್ಟವ್ಳೆ. ಅವಳಿಗೆ ಉತ್ತರ ಗೊತ್ತು.”

ಹಿಂದಿನ ಸಾಲಿನಲ್ಲಿ ರೇಡಿಯೋ ತಾತ ಎದ್ದು ನಿಂತ. ನಾನೂ ಮನೆಯಿಲ್ಲದವನೇ ಎಂದ. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಎಣಿಕೆಯ ಹುಡುಗಿ ತಲೆ ತಗ್ಗಿಸಿಕೊಂಡು ಕೂತಿದ್ದಳು, ಪಾಪ ಅವಳದೇನು ತಪ್ಪು. ಮರು ಎಣಿಕೆ ಆಗಲಿ, ಪ್ರಶ್ನೆ ಬದಲಾಗಲಿ, ಅಲ್ಲಿಯವರೆಗೆ ತೀರ್ಮಾನ ಬೇಡ ಎಂದು ಅಧ್ಯಕ್ಷರು ಹೇಳಿದರು.

ಹೊರಗೆ ಬಂದಾಗ ಮೇಸ್ತ್ರಿ ಎದುರಿಗೇ ನಿಂತಿದ್ದ. ಪೇಂಟರ್ ಕ್ಷಮಿಸಿ ಎನ್ನಲು ಬಾಯಿ ತೆರೆದ. ಮೇಸ್ತ್ರಿ ಜೇಬಿಗೆ ಕೈ ಹಾಕಿ ಒಂದು ಬೀಗದಕೈ ತೆಗೆದ.

“ನಾಳೆ ಪೋಸ್ಟಾಫೀಸ್ ಹಿಂದಿನ ಮನೆ. ಬೇಗ ಹೋಗಿ ತೆಗಿ.”

“ಮೇಸ್ತ್ರಿ, ನಾನು ನಿಮಗೆ ಸುಳ್ಳು...”

“ರೈಲ್ವೆ ಗೇಟ್ ಹಿಂದೆ ಮನೆ ಎಲ್ಲಯ್ಯ ಇದೆ? ಬರೀ ಗುಜರಿ ಅಂಗಡಿ. ನಂಗೆ ಆವತ್ತೇ ಗೊತ್ತಿತ್ತು. ಬಿರುಕು ಮುಚ್ಚೋ ಮುಂಚೆ ಗೋಡೆ ಸರಿಯಾಗಿ ಉಜ್ತೀಯ, ಅಷ್ಟು ಸಾಕು ನಂಗೆ.”

ಎಲ್ಲ ಮೇಸ್ತ್ರಿಗಳೂ ಹೀಗಿರುತ್ತಾರೆ ಎಂದು ನಾನು ಹೇಳುವುದಿಲ್ಲ. ಇವನಿಗೆ ಇಂಥವನು ಸಿಕ್ಕ. ಸಿಗದಿದ್ದರೂ ಹೇಳಲೇಬೇಕಿತ್ತು ಎಂದು ಪೇಂಟರ್ ಆಮೇಲೆ ಹೆಂಡತಿಗೆ ಹೇಳಿದ.

ಅವತ್ತು ಸಂಜೆ ಪುಟ್ಟಿ ಶಾಲೆಯಿಂದ ಬಂದಾಗ ಬಾಗಿಲಲ್ಲೇ ಸೋಪಿನ ನೊರೆ. ಅಪ್ಪ ಪ್ಯಾಂಟು ಮಡಚಿಕೊಂಡು ಮೆಟ್ಟಿಲು ಉಜ್ಜುತ್ತಿದ್ದ. ಮಾತು ಆಡಿದ ಮೇಲೆ ಶಿಕ್ಷೆ ಶಿಕ್ಷೆಯೇ. ಅವನ ಮೇಲಿನ ಮೆಟ್ಟಿಲಲ್ಲಿ ತಾತ, ಅದರ ಮೇಲೆ ಉಳಿದವರು. ಎಲ್ಲರೂ ಆಡಿದವರೇ. ಅಮ್ಮ ಮೇಲೆ ನಿಂತು, ಮೂಲೆ ಬಿಟ್ರಿ ನೋಡಿ, ಹಳೆ ಲೆಕ್ಕವೂ ಇದರಲ್ಲೇ ಚುಕ್ತಾ ಎಂದು ನಗುತ್ತಿದ್ದಳು. ತುತ್ತತುದಿಯ ಮೆಟ್ಟಿಲಲ್ಲಿ ದೊಡ್ಡಮ್ಮ ಕೂತು ಉಜ್ಜುತ್ತಿದ್ದರು. ನೀವು ಆಡಲೇ ಇಲ್ಲವಲ್ಲ ದೊಡ್ಡಮ್ಮ ಎಂದರೆ, ಆಡದೇ ಇದ್ದ ತಪ್ಪಿಗೆ ಅಂದರು.

ಮರು ಎಣಿಕೆ ಆಯಿತು. ಈ ಸಲ ಹೊಸ ಪ್ರಶ್ನೆ ಕೇಳಿದರು. ಎಲ್ಲರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಾಯುವುದು ಕಷ್ಟವಾಗಿತ್ತು. ಚಳಿ ಬಂದೇಬಿಟ್ಟಿತು. ಕೊನೆಗೆ ಅನುದಾನ ನವೀಕರಣವಾಯಿತು ಎಂಬ ಸುದ್ದಿ ನರ್ಸ್ ಬಾಯಿಂದಲೇ ಬಂತು. ಇನ್ನೊಂದು ಅವಧಿಗೆ ಮಾತ್ರ.

ಪುಟ್ಟಿ ಪುಸ್ತಕಗಳ ಗಂಟು ಬಿಚ್ಚಿದಳು. ಆದರೆ ಪ್ಲಾಸ್ಟಿಕ್ ಕವರುಗಳನ್ನು ಎಸೆಯಲಿಲ್ಲ. ಮಡಚಿ ಹಾಸಿಗೆಯ ಕೆಳಗೆ ಇಟ್ಟುಕೊಂಡಳು. ಆಮೇಲೆ ಅಪ್ಪನನ್ನು ಕೇಳಿದಳು, “ಆ ಅವಧಿ ಮುಗಿದ ಮೇಲೆ?”

ಅಪ್ಪನೊಬ್ಬನಿಂದಲೇ ಉತ್ತರ ಸಿಗುವ ಪ್ರಶ್ನೆ ಇದಲ್ಲ. ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಇಂಥದ್ದೊಂದು ಕಟ್ಟಡ ಇದ್ದೀತು. ಅದರ ಅನುದಾನದ ಅವಧಿ ಯಾವಾಗ ಮುಗಿಯುತ್ತದೆ ಎಂದು ಹೋಗಿ ಕೇಳಿ. ಅಹವಾಲು ಸಭೆ ಕರೆದ ದಿನ ನಿಮ್ಮ ಬೀದಿಯ ಇಲ್ಲವೇ ಸಂಘದ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಕೂತುಕೊಳ್ಳಿ. ನೀವು ಅಲ್ಲೇ ಇರುವವರಾದರೆ, ಎಣಿಕೆಯವರು ಬಂದಾಗ ನಾಚಿಕೊಳ್ಳದೆ ನಿಜ ಹೇಳಿ. ಸೂರು ಇರುವವರಾದರೆ, ಅವರು ಹೇಳುವಾಗ ಅವರ ಪಕ್ಕದಲ್ಲಿ ಎದ್ದು ನಿಲ್ಲಿ. ಕೆಲಸ ಕೊಡುವವರಾದರೆ, ಬೀಗದಕೈ ಕೊಡುವ ಮುಂಚೆ ವಿಳಾಸ ನೋಡಬೇಡಿ, ಕೆಲಸ ನೋಡಿ.

ಪುಟ್ಟಿ ಆ ಕವರುಗಳನ್ನು ಎಸೆಯುವ ದಿನ ಬರಬೇಕಾದರೆ ನಾವೆಲ್ಲ ಮಾತಾಡಬೇಕು.