ಹೆಸರು ಹೇಳುವ ಹೊಸ್ತಿಲು

ಮಲ್ಲಿನಾಥನಿಗೆ ಅಂಥದ್ದೇನೂ ಆಗಿಲ್ಲ. ಬಸ್ಸು ನಿಂತಿದೆ, ಅಷ್ಟೆ. ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದಕ್ಕೆ ಎರಡು ಟ್ರೇಲರು, ಮೇಲೆ ಕಿವಿ ಹರಿಯುವ ಹಾಡು. ಮಲ್ಲಿನಾಥ ಹೆಂಡತಿಯನ್ನು ಕರೆತರಲು ಮುಧೋಳಕ್ಕೆ ಹೊರಟಿದ್ದಾನೆ. ಅವನ ಎದೆ ಸ್ವಲ್ಪ ಜೋರಾಗಿ ಬಡಿದುಕೊಳ್ಳುತ್ತಿದೆ. ಅದು ಸಹಜ.

ಹೀಗೆ ತನಗೆ ತಾನೇ ವರದಿ ಒಪ್ಪಿಸಿದ ಮೇಲೆ ಅವನಿಗೆ ನಿಜಕ್ಕೂ ಹಗುರೆನಿಸಿತು. ಜಮಖಂಡಿಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುವ ಅವನಿಗೆ ಈ ವಿದ್ಯೆ ಒಂದು ಸೆಮಿನಾರಿನಲ್ಲಿ ಸಿಕ್ಕಿತ್ತು. ದುಃಖವನ್ನು 'ನನ್ನದು' ಎಂದುಕೊಂಡರೆ ಮೆದುಳು ಕುದಿಯುತ್ತದೆ; ಹೆಸರು ಹಿಡಿದು 'ಅವನದು' ಎಂದುಕೊಂಡರೆ ಪಕ್ಕದ ಮನೆಯ ಸುದ್ದಿ ಕೇಳಿದಂತೆ ಕೇಳಿ ಸುಮ್ಮನಾಗುತ್ತದೆ. ತರಗತಿಯಲ್ಲಿ ಹಲಗೆಯ ಮೇಲೊಂದು ತಲೆ ಬರೆದು, ಹಣೆಯ ಹಿಂದೆ ಗೆರೆ ಎಳೆದು, "ನಾನು ಅನ್ನೋದು ಇಲ್ಲೈತಿ ನೋಡ್ರಿ" ಎನ್ನುತ್ತಿದ್ದ. ಹುಡುಗರು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವನ ಕೂಸು ಹುಟ್ಟಿದ ದಿನವೇ ತೀರಿಕೊಂಡಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು 'ಮಲ್ಲಿನಾಥನ ಕೂಸು ಹೋಯಿತು' ಎಂದುಕೊಂಡ. ಪಾಪ ಮಲ್ಲಿನಾಥ, ಎನಿಸಿತು. ಆಮೇಲೆ ಎದ್ದು ಎಲ್ಲರಿಗೂ ಚಹಾ ತರಿಸಿದ. ಬನಹಟ್ಟಿಯಿಂದ ಬಂದ ಬಳಗದವರು ಗಟ್ಟಿ ಮನುಷ್ಯ ಎಂದು ಬೆನ್ನು ತಟ್ಟಿದರು. ಹೆಂಡತಿ ಮಂಗಲಾ ಮಾತ್ರ, ಬೀಗ ಹಾಕಿದ ಮನೆಯನ್ನು ನೋಡುವಂತೆ ಅವನ ಮುಖ ನೋಡಿದಳು. ಬಾಣಂತನಕ್ಕೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ.

ನಿನ್ನೆ ಅವಳೇ ಫೋನು ಮಾಡಿದ್ದಳು. "ನಾಳೆ ಅಣ್ಣನ ಹೊಸ ಮನಿ ವಾಸ್ತುಶಾಂತಿ ಐತಿ, ಬರ್ರಿ. ನಿಮ್ಮ ಕೂಡ ಬರಾಕ ನಾ ಒಲ್ಲೆ ಅನ್ನಂಗಿಲ್ಲ. ಕೂಸು ಹೋದಾಗ ನಿಮಗ ಏನ ಆತು, ಅಷ್ಟ ಹೇಳ್ರಿ."

"ಹೇಳೇನಲ್ಲ. ಭಾಳ ಕೆಟ್ಟ ಅನಸ್ತು."

"ಯಾರಿಗ್ರಿ?"

ರೇಂಜ್ ಇಲ್ಲ ಎಂದು ಹೇಳಿ ಅವನು ಫೋನು ಇಟ್ಟಿದ್ದ.

ಅವನು ಮುಧೋಳ ಮುಟ್ಟಿದಾಗ ಹೊಸ ಮನೆಯ ಮೆಟ್ಟಿಲ ಮೇಲೆ ಮಂಗಲಾ ಕಾಯುತ್ತ ನಿಂತಿದ್ದಳು. ಸೊರಗಿದ್ದಳು.

"ತಡಾ ಆತಲ್ರಿ."

"ಟ್ರ್ಯಾಕ್ಟರ್ ಅಡ್ಡ ಇತ್ತು."

ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು. ಬೆರಳು ಕೊರಳಿಗೆ ತಾಗಿತು. ಆ ಕೈ ಹಿಡಿದುಕೊಳ್ಳಬೇಕೆನಿಸಿತು. ಮಲ್ಲಿನಾಥನಿಗೆ ಸಂತೋಷವಾಗಿದೆ, ಎಂದುಕೊಂಡ. ಆ ಆಸೆ ಇಳಿಯಿತು.

ಬಾಗಿಲಲ್ಲಿ ಮಂಗಲಾಳ ಸೋದರತ್ತೆ ಅನಸವ್ವ ಎರಡೂ ಕೈ ಅಡ್ಡ ಚಾಚಿ ನಿಂತಿದ್ದಳು. ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಒಡಪಿನಲ್ಲಿ, ಪ್ರಾಸ ಕಟ್ಟಿ, ಹೇಳಿದರೇ ಒಳಗೆ ಬಿಡುವುದು. ಮೊದಲು ಮನೆಯ ಯಜಮಾನ, ಮಂಗಲಾಳ ಅಣ್ಣ ಬಸವಕುಮಾರ, ಎದೆ ಉಬ್ಬಿಸಿ ಹೇಳಿದ: "ಹೊಸ ಮನಿ ಬಾಗಲಕ ಮಾವಿನ ತೋರಣ, ನಾ ಇಷ್ಟ ನಗಬೇಕಾದ್ರ ಉಜ್ವಲಾನ ಕಾರಣ." ಅವನ ಹೆಂಡತಿ ಉಜ್ವಲಾ ನಾಚಿ ಸೆರಗು ಕಚ್ಚಿದಳು. ಹೆಂಗಸರು ಹೋ ಎಂದರು.

ಮಲ್ಲಿನಾಥ ಬಸ್ಸಿನಲ್ಲೇ ಒಂದನ್ನು ಹೊಂದಿಸಿಕೊಂಡಿದ್ದ. ಎಲ್ಲರೂ ಅವನ ಕಡೆ ತಿರುಗಿದರು. ಮಂಗಲಾ ಕೂಡ, ಬಹಳ ದಿನಗಳ ಮೇಲೆ, ಆಸೆಯಿಂದ ನೋಡಿದಳು. ಮಲ್ಲಿನಾಥ ಗಾಬರಿಯಾಗಿದ್ದಾನೆ, ಮಲ್ಲಿನಾಥ ಸಾವಕಾಶ ಹೇಳಲಿ, ಎಂದುಕೊಂಡು ಬಾಯಿ ತೆರೆದ.

"ಮುಧೋಳ ದಾರ್ಯಾಗ ಕಬ್ಬಿನ ಗಾಣ, ಮಲ್ಲಿನಾಥ ಅಂದ್ರ ನನ್ನ ಪ್ರಾಣ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮನೆ ಬಿದ್ದುಹೋಗುವಂತೆ ನಕ್ಕರು.

"ಅಯ್ಯ ನಮ್ಮವ್ವಾ! ಅಳಿಯಂದ್ರು ತಮಗ ತಾವ ತಾಳಿ ಕಟ್ಟಿಕೊಂಡ್ರಲ್ಲ!" ಎಂದು ಅನಸವ್ವ ಹೊಟ್ಟೆ ಹಿಡಿದುಕೊಂಡಳು. "ಇನ್ನೊಮ್ಮೆ ಹೇಳ್ರಿ."

ಮಂಗಲಾ ನಗಲಿಲ್ಲ. "ಇರಲಿ ಬಿಡ ಅತ್ಯಾ. ಅವರು ಖರೇನ ಹೇಳ್ಯಾರ," ಎಂದು ಅತ್ತೆಯ ಕೈ ಸರಿಸಿ ಒಳಗೆ ನಡೆದಳು. ಹಿಂದೆ ನಿಂತ ಜೋಡಿಗಳಿಗೆ ದಾರಿ ಬಿಡಲು ಅವನು ಪಕ್ಕಕ್ಕೆ, ಚಪ್ಪಲಿಗಳ ನಡುವೆ ಸರಿದ.

ಮಲ್ಲಿನಾಥನಿಗೆ ನಾಚಿಕೆಯಾಗಿದೆ, ಎಂದುಕೊಂಡ. ನಾಚಿಕೆ ಒಡನೆ ಇಳಿದುಹೋಯಿತು. ಅದು ಇಳಿದ ರೀತಿಗೆ ಅವನು ಹೆದರಿದ. ನೋವಾಗಲಿ ಎಂದು ಮೊದಲ ಸಲ ಮನಸಾರೆ ಬಯಸಿದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು, ಅದರ ಅಕ್ಕಿಕಾಳಿನಂಥ ಉಗುರುಗಳನ್ನು ನೆನೆಸಿಕೊಂಡು 'ನನ್ನ ಕೂಸು' ಎಂದು ತುಟಿ ಅಲುಗಿಸಿದ. ಮಲ್ಲಿನಾಥ ಈಗ 'ನನ್ನ ಕೂಸು' ಎನ್ನುತ್ತಿದ್ದಾನೆ, ಎಂದು ಒಳಗೆ ಯಾರೋ ತಣ್ಣಗೆ ಹೇಳಿದರು.

ಫೋಟೋದವನು ಕ್ಯಾಮೆರಾ ತೂಗಿಸಿಕೊಂಡು ಹೊಸ್ತಿಲಿಗೆ ಬಂದ. ಅವನಿಗೆ ಮನೆಯವರ ಗುರುತಿರಲಿಲ್ಲ.

"ಇಲ್ಲೆ ಮಲ್ಲಿನಾಥ ಅಂದ್ರ ಯಾರ್ರೀ ಸರ್? ಅವರು ಬರೂತನಕ ಫೋಟೋಕ್ಕ ನಿಲ್ಲಂಗಿಲ್ಲ ಅಂತ ಮಂಗಲಕ್ಕಾರು ಹಟಾ ಹಿಡದಾರ."

ಅವನು ಬಾಯಿ ತೆರೆದ. 'ನಾನು' ಎಂಬ ಒಂದೇ ಒಂದು ಶಬ್ದ ಸಾಕಿತ್ತು; ಅದು ಬರಲಿಲ್ಲ. ಫೋಟೋದವನು ತುಸು ಹೊತ್ತು ಕಾದು, ಇವರಿಗೂ ಗೊತ್ತಿಲ್ಲವೆಂದುಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು ಓಣಿಯತ್ತ ನೋಡಿದ. ಪಕ್ಕದಲ್ಲಿ ಅವನೂ ಕೈ ಅಡ್ಡ ಹಿಡಿದು ಮಲ್ಲಿನಾಥನ ದಾರಿ ನೋಡತೊಡಗಿದ. ಬಿಸಿಲಿನಲ್ಲಿ ಓಣಿ ಉದ್ದಕ್ಕೂ ಬಿದ್ದಿತ್ತು; ಯಾರೂ ಬರುತ್ತಿರಲಿಲ್ಲ.