ಕರಿಬಸಮ್ಮನ ದಾಸವಾಳ

ಮಚ್ಚಿನ ಮೂರನೆಯ ಏಟಿಗೆ ದಾಸವಾಳದ ದೊಡ್ಡ ಕೊಂಬೆ ಮುರಿದು ಬಾವಿಕಟ್ಟೆಯ ಮೇಲೆ ಬಿತ್ತು. ಶಿವರುದ್ರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಮುಂದಿನದಕ್ಕೆ ಕೈಹಾಕಿದಳು.

ಪಕ್ಕದ ಮನೆಯ ರೇವಮ್ಮ ಗೋಡೆಯಾಚೆಯಿಂದ ಇಣುಕಿದಳು. "ಅಯ್ಯೋ, ಏನ್ ಮಾಡ್ತಿದ್ದೀಯೇ ರುದ್ರವ್ವ? ಕರಿಬಸಮ್ಮ ಕೈಯಾರೆ ನೆಟ್ಟಿದ್ ಗಿಡ ಕಣೇ ಅದು!"

"ಬಟ್ಟೆ ಒಣಗಾಕಕ್ಕೆ ಬಿಸಿಲು ಬೀಳಲ್ಲ, ಬುಡು ರೇವಕ್ಕ."

ಶಿವರುದ್ರಮ್ಮ ಕುಣಿಗಲ್‌ನಿಂದ ಗುಬ್ಬಿಗೆ ಎರಡನೆಯ ಹೆಂಡತಿಯಾಗಿ ಬಂದು ಎರಡು ವರ್ಷವಾಗಿತ್ತು. ಗಂಡ ಸಿದ್ದಗಂಗಯ್ಯನಿಗೆ ಪೇಟೆಯಲ್ಲಿ ಹೊಲಿಗೆ ಅಂಗಡಿ. ಮೊದಲ ಹೆಂಡತಿ ಕರಿಬಸಮ್ಮ ಐವತ್ತೈದನೆಯ ಇಸವಿಯಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಿದ್ದಳು. ಅವಳ ಹೆಸರನ್ನು ಸಿದ್ದಗಂಗಯ್ಯ ಒಂದು ದಿನವೂ ಎತ್ತಿದವನಲ್ಲ. ಆದರೆ ಬೆಳಗಾಗುತ್ತಲೇ ಹೊಸ ಹೆಂಡತಿಯ ಮುಖ ನೋಡುವುದಕ್ಕೂ ಮೊದಲು ಹಿತ್ತಲಿಗೆ ಹೋಗಿ, ಆ ಗಿಡದ ಮುಂದೆ ನಿಂತು, ಲಿಂಗಪೂಜೆಗೆ ಹೂ ಬಿಡಿಸುತ್ತಿದ್ದ. ಶಿವರುದ್ರಮ್ಮ ನೆಟ್ಟ ಕನಕಾಂಬರದ ಕಡೆ ಅವನ ಕಣ್ಣು ಹೊರಳಿದ್ದೇ ಇಲ್ಲ.

ದಿನವೂ ಸಂಜೆಯ ಹೊತ್ತಿಗೆ ದಾಸವಾಳದ ಹೂಗಳೆಲ್ಲ ಬತ್ತಿಯ ಹಾಗೆ ಸುರುಟಿಕೊಂಡು ಉದುರುತ್ತಿದ್ದವು. ಅವಳಿಗೆ ಒಳಗೊಳಗೇ ಸಮಾಧಾನ. ಬೆಳಗ್ಗೆ ಎದ್ದರೆ ಅಷ್ಟೇ ಹೂಗಳು, ಅಷ್ಟೇ ಕೆಂಪು. ಬದುಕಿರುವ ಸವತಿಯಾದರೆ ಜಗಳವನ್ನಾದರೂ ಆಡಬಹುದಿತ್ತು.

ಗಿಡ ಕಡಿದ ದಿನ ಸಾಯಂಕಾಲ ಸಿದ್ದಗಂಗಯ್ಯ ಬಂದಾಗ ಮೊಣಕಾಲೆತ್ತರದ ಮೋಟು ಮಾತ್ರ ಉಳಿದಿತ್ತು. ಅವನು ಬೈಯಲಿ ಎಂದು ಅವಳು ಕಾದಳು. ಅವನು ಕಡಿದ ಜಾಗವನ್ನೊಮ್ಮೆ ಮುಟ್ಟಿ ನೋಡಿ, ಕಾಲು ತೊಳೆದು ಒಳಗೆ ಬಂದ. ಮುದ್ದೆ ಉಂಡ. ಮಾರನೆಯ ದಿನದಿಂದ ಪೂಜೆಗೆ ಬರೀ ಪತ್ರೆ.

ಮುಂಗಾರು ಬಿತ್ತು. ಮೋಟಿನ ಸುತ್ತ ಒಂದಲ್ಲ, ಹತ್ತಾರು ಚಿಗುರು ಒಡೆದವು. ಶಿವರುದ್ರಮ್ಮ ಮೊದಮೊದಲು ಚಿವುಟಿದಳು. ಚಿವುಟಿದಲ್ಲಿ ಎರಡೆರಡು ಕವಲಾದವು. ಸೋತು ಬಿಟ್ಟಳು. ದೀಪಾವಳಿಯ ಹೊತ್ತಿಗೆ ಗಿಡ ಪೊದೆಯಾಗಿ, ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು.

ಒಂದು ಬೆಳಗ್ಗೆ ಗಂಡ ಹಿತ್ತಲಿನಿಂದ ಕೂಗಿದ. "ರುದ್ರಮ್ಮ, ಬಾ ಇಲ್ಲಿ!"

ಅವನ ಮುಖದಲ್ಲಿ ಅಂಥ ನಗು ಅವಳು ಕಂಡಿರಲಿಲ್ಲ. "ವರ್ಷಕ್ಕೊಂದ್ ಸಲ ಮೊಣಕಾಲುದ್ದ ಬಿಟ್ಟು ಕಡೀಬೇಕು, ಆಗ್ಲೇ ಹೂ ಜಾಸ್ತಿ ಅಂತ ಅವಳು ಹೇಳೋಳು. ಅವಳು ಹೋದ್ಮೇಲೆ ಮಚ್ಚು ಎತ್ತಕ್ಕೆ ನಂಗೆ ಕೈಯೇ ಬರ್ಲಿಲ್ಲ. ನೀನು ಮಾಡ್ದೆ."

ಮದುವೆಯಾದಾಗಿನಿಂದ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಕರಿಬಸಮ್ಮನ ಮಾತೆತ್ತಿದ್ದೂ ಅದೇ ಮೊದಲು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೂ ಅವಳು ಹೇಳಿಯೇಬಿಟ್ಟಳು.

"ಹೂ ಬಿಡ್ಲಿ ಅಂತ ಕಡೀಲಿಲ್ಲ ನಾನು. ಸಾಯ್ಲಿ ಅಂತ ಕಡ್ದೆ."

ಸಿದ್ದಗಂಗಯ್ಯ ಬಾವಿಕಟ್ಟೆಯ ಮೇಲಿದ್ದ ಹೂಬುಟ್ಟಿಯನ್ನು ಎತ್ತಿಕೊಂಡ. "ಗೊತ್ತು ಕಣೆ," ಎಂದು ಬುಟ್ಟಿಯನ್ನು ಅವಳ ಕೈಗೆ ಕೊಟ್ಟ. "ಇವತ್ತಿಂದ ನೀನೇ ಬಿಡ್ಸು."

"ಅವಳು ದಿನಾ ಎಷ್ಟು ಬಿಡಿಸೋಳು?"

"ಐದು."

ಶಿವರುದ್ರಮ್ಮ ಒಂದೊಂದಾಗಿ ಐದು ಹೂ ಬಿಡಿಸಿದಳು. ಆಮೇಲೆ ತುದಿಗಾಲಲ್ಲಿ ನಿಂತು, ಮೇಲಿನ ಟೊಂಗೆಯನ್ನು ಬಗ್ಗಿಸಿ, ಆರನೆಯದನ್ನೂ ಕಿತ್ತು ಬುಟ್ಟಿಗೆ ಹಾಕಿದಳು. ಬಿಟ್ಟ ಟೊಂಗೆ ಮೇಲಕ್ಕೆ ಚಿಮ್ಮಿ, ಇಬ್ಬರ ಮೇಲೂ ಇಬ್ಬನಿ ಉದುರಿಸಿತು.