ಕೊಂಬು ಹೋಗಿ ರೆಕ್ಕೆ ಬಂತು

ನಮ್ಮ ಮೇಷ್ಟ್ರಿಗೆ ತರಗತಿಯವರೆಲ್ಲ ಸೇರಿ ಇಟ್ಟ ಹೆಸರು ‘ಮೂಲ ಮೇಷ್ಟ್ರು’. ಕಾಯಿಲೆಯ ಮಾತಲ್ಲ. ಯಾರು ಏನೇ ಹೇಳಲಿ, “ಇದರ ಮೂಲ ಯಾವುದು?” ಎಂದು ಕೇಳುತ್ತಿದ್ದರು. ಹೊರಗೆ ಮಳೆ ಬರುತ್ತಿದೆ ಎಂದರೂ ಅಷ್ಟೆ.

ಮೊಮ್ಮಕ್ಕಳ ವಯಸ್ಸಿನವರ ಜೊತೆ ನಾನು ಗ್ರಂಥಾಲಯ ವಿಜ್ಞಾನ ಓದಲು ಕೂತದ್ದು ನಮ್ಮ ಬೀದಿಯ ವಾಚನಾಲಯಕ್ಕಾಗಿ. ತರಬೇತಿಯಾದವರು ಸಿಗದಿದ್ದರೆ ಅದನ್ನು ಮುಚ್ಚುವುದೆಂದು ಸಮಿತಿ ತೀರ್ಮಾನಿಸಿತ್ತು. ಬೇರೆ ಪರೀಕ್ಷೆಗಳನ್ನು ಹೇಗೋ ದಾಟಿದ್ದೆ. ಉಳಿದದ್ದು ಹುಡುಕಾಟದ ಪ್ರಾಯೋಗಿಕ. ಕಾಲೇಜಿನ ಲೈಬ್ರರಿಯ ಕೌಂಟರಿನಲ್ಲಿ ಕೂತು, ಬಂದ ಓದುಗರ ಪ್ರಶ್ನೆಗೆ ಕಂಪ್ಯೂಟರಿನಲ್ಲಿ ಹುಡುಕಿ ಉತ್ತರ ಕೊಡಬೇಕು. ಇದರಲ್ಲಿ ಫೇಲಾದರೆ ವಾಚನಾಲಯಕ್ಕೆ ಬೀಗ.

ನನ್ನ ಸರದಿಗೆ ಬಂದವಳು ಶಿಶುವಿಹಾರದ ಟೀಚರು.

“ಅಜ್ಜಿ, ಒಂದು ಚಿತ್ರದ ಪುಸ್ತಕ ಇದೆ. ಪೂರ್ತಿ ಜೆರಾಕ್ಸ್ ಮಾಡಿಸಿ ಮಕ್ಕಳಿಗೆಲ್ಲ ಹಂಚೋಣ ಅಂತ. ಆಮೇಲೆ ಹಕ್ಕು ಗಿಕ್ಕು ಅಂತ ಯಾರಾದ್ರೂ ಜಗಳಕ್ಕೆ ಬಂದ್ರೆ?”

“ಕೂತ್ಕೊಳ್ಳಮ್ಮ, ನೋಡೇಬಿಡೋಣ.”

ಪದದ ಕೊನೆ ಕತ್ತರಿಸಿ ನಕ್ಷತ್ರದ ಗುರುತು ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ ಎಂದು ಕಲಿಸಿದ್ದರು. ಹಕ್ಕು, ಹಕ್ಕಿನ, ಹಕ್ಕುಗಳು, ಒಂದೂ ತಪ್ಪಿಸಿಕೊಳ್ಳಬಾರದೆಂದು ‘ಹಕ್ಕ’ ಎಂದು ಬರೆದು ನಕ್ಷತ್ರ ಒತ್ತಿದೆ. ಆ ಕೀಲಿ ನನ್ನ ಕಣ್ಣಿಗೆ ಬೀಳಲೆಂದು ಪಕ್ಕದ ಬೆಂಚಿನ ಹುಡುಗಿ ಬೆಳಿಗ್ಗೆಯೇ ಬಂದು ಅದರ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟು ಹೋಗಿದ್ದಳು.

ಪರದೆಯ ತುಂಬ ಹಕ್ಕಿಗಳು! ಹಕ್ಕಿಗಳ ಗೂಡು, ಹಕ್ಕಿಗಳ ವಲಸೆ, ಹಕ್ಕಿ ಸಾಕುವ ಬಗೆ.

“ಅಜ್ಜೀ, ನಾನು ಕೇಳಿದ್ದು ಹಕ್ಕು.”

“ಬರುತ್ತಮ್ಮ, ಹಾರ್ಕೊಂಡು ಬರ್ತಾ ಇದೆ.”

ಬೆನ್ನ ಹಿಂದೆ ಮೇಷ್ಟ್ರು ನಿಂತಿದ್ದರು. ಅವರು ಬಿಸಿಲು ಕಂಪ್ಯೂಟರಿನ ಮೇಲೆ ಬೀಳದಂತೆ ಕಿಟಕಿಯ ಪರದೆ ಎಳೆದರು. ಪರೀಕ್ಷಕರು ಹಾಗೆ ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ.

ಅಷ್ಟರಲ್ಲಿ ಟೀಚರು ಕೌಂಟರಿನ ಮೇಲೆ ಬಗ್ಗಿ, “ಅಯ್ಯೋ ತಡೀರಿ, ಆ ಮೂರನೇದು! ಅದೇ ನಾನು ಹೇಳಿದ ಪುಸ್ತಕ!” ಎಂದಳು. ಅವಳು ಜೆರಾಕ್ಸ್ ಮಾಡಿಸಬೇಕೆಂದಿದ್ದ ಚಿತ್ರಗಳೂ ಹಕ್ಕಿಗಳದ್ದೇ!

ಕಪಾಟಿನಿಂದ ಪುಸ್ತಕ ತಂದು ಮೊದಲ ಹಾಳೆಯ ಹಿಂಬದಿ ತೋರಿಸಿದೆ. ಹಕ್ಕುಗಳು ಚಿತ್ರಕಾರ್ತಿಯವು ಎಂದು ಅಚ್ಚಾಗಿತ್ತು.

“ಇಡೀ ಪುಸ್ತಕ ನಕಲು ಮಾಡೋಕೆ ಇವರ ಒಪ್ಪಿಗೆ ಬೇಕಮ್ಮ. ಪ್ರಕಾಶಕರಿಗೆ ಫೋನ್ ಮಾಡಿ ಕೇಳು. ಅಲ್ಲೀವರೆಗೂ ಈ ಪ್ರತೀನೇ ತಗೊಂಡು ಹೋಗಿ ಮಕ್ಕಳಿಗೆ ತೋರಿಸು.”

ಅವಳು ಪುಸ್ತಕ ಅವುಚಿಕೊಂಡು ಹೋದಳು.

“ಉತ್ತರ ಸರಿ,” ಎಂದರು ಮೇಷ್ಟ್ರು. “ಬೇಕೂಂತಲೇ ಹಕ್ಕಿ ಹುಡುಕಿದ್ರಾ?”

ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು. “ಇಲ್ಲ ಸರ್. ಹಕ್ಕಿನ ಕೊಂಬು ಕತ್ತರಿಸಿದೆ, ರೆಕ್ಕೆ ಬಂದ್‌ಬಿಡ್ತು.”

“ಈಗ ಸರಿಯಾದ ದಾರೀಲಿ ಹುಡುಕಿ.”

‘ಕೃತಿಸ್ವಾಮ್ಯ’ ಎಂದು ಪೂರ್ತಿ ಬರೆದು, ಜೊತೆಗೆ ‘ನಕಲು’ ಸೇರಿಸಿದೆ. ಹಕ್ಕಿಗಳೆಲ್ಲ ಹಾರಿಹೋಗಿ ಕಾನೂನಿನ ಪುಸ್ತಕಗಳು ಶಿಸ್ತಾಗಿ ಸಾಲುಗಟ್ಟಿದವು. ಮೇಷ್ಟ್ರು ತಲೆಯಾಡಿಸಿದರು.

“ಪಾಸು. ಹೋಗಿ, ವಾಚನಾಲಯದ ಬಾಗಿಲು ತೆಗೀರಿ.”

ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟುವಾಗ ಹಿಂದಿನಿಂದ ಕರೆದರು. ಮುಖದಲ್ಲಿ ನಾಚಿಕೆ.

“ಅಮ್ಮಾ, ಆ ಕೊಂಬಿನ ಮಾತು… ಮುಂದಿನ ವರ್ಷದ ಕ್ಲಾಸಲ್ಲಿ ನಾನು ಹೇಳಬಹುದಾ?”

“ಧಾರಾಳವಾಗಿ ಹೇಳಿ ಸರ್. ಮೂಲ ಮಾತ್ರ ಮರೀಬೇಡಿ.”